ಎರಡು ನಿಮಿಷದ ಸದ್ದು

"ಇನ್ನೂ ಜೋರಾಗಿ ಕೇಳಬೇಕು," ಎಂದಳು ಆಕೆ.

ಪೈಪ್ ಮೇಸ್ತ್ರಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಕಾರಿನಿಂದ ಇಳಿದ. ಕಾರಿನ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗಳನ್ನು ಗಿರಾಕಿಯ ಇಷ್ಟಕ್ಕೆ ತಕ್ಕಂತೆ ಮಾಡಿಕೊಡುವುದು ಅವನ ಇಪ್ಪತ್ತೆರಡು ವರ್ಷದ ಕಸುಬು. ಸದ್ದಿಗಾಗಿ ಬರುವವರು ಸಾಮಾನ್ಯವಾಗಿ ಮೀಸೆ ಚಿಗುರುವ ವಯಸ್ಸಿನವರು. ಇಬ್ಬರು ಹೆಣ್ಣುಮಕ್ಕಳ ತಾಯಿಯೊಬ್ಬಳು ಗಂಡನ ಕಾರಿಗೆ, ಅದೂ ಹುಟ್ಟುಹಬ್ಬದ ಉಡುಗೊರೆಯೆಂದು, ಸದ್ದು ಬೇಕೆಂದು ಬಂದದ್ದು ಇದೇ ಮೊದಲು. ಸರ್ವಿಸಿಗೆಂದು ಗಂಡ ಬಿಟ್ಟುಹೋದ ಕಾರಿಗೆ ಅವಳೇ ಮುಂದೆ ನಿಂತು ಒಂದೊಂದೇ ಕೊಳವೆಯನ್ನು ಹಾಕಿಸಿ ನೋಡುತ್ತಿದ್ದಳು.

"ಈ ಪ್ಲಾಸ್ಟಿಕ್ ಸದ್ದು ನುಂಗುತ್ತೆ, ನಿಮಗಾಗಲ್ಲ," ಎಂದ ಮೇಸ್ತ್ರಿ. "ಈಗ ಕೇಳಿದ್ದು ಕಾರ್ಬನ್ ಫೈಬರ್. ಹಗುರ, ನೋಡೋಕೂ ಚೆಂದ. ಇದನ್ನ ಉದ್ದ ಮಾಡಿ ಚಕ್ರದ ಹತ್ತಿರ ಇಳಿಸಿದ್ರೆ ತಣ್ಣನೆ ಗಾಳಿ ಸಿಗುತ್ತೆ, ಎಂಜಿನ್ ಚುರುಕಾಗುತ್ತೆ. ಯಜಮಾನರು ಖುಷಿಪಡ್ತಾರೆ."

"ಅದು?"

"ಅಲ್ಯೂಮಿನಿಯಂ. ತೆಳು ತಗಡು. ಗಿಡ್ಡ ಮಾಡಿ ಫಿಲ್ಟರಿಗೆ ಡಬ್ಬಿ ಹಾಕದೆ ಬಿಟ್ರೆ ಊರಿಗೆಲ್ಲ ಕೇಳುತ್ತೆ. ಆದ್ರೆ ಎಂಜಿನ್ನಿನ ಬಿಸಿ ಗಾಳೀನೇ ಎಳ್ಕೊಳ್ಳುತ್ತೆ. ಎಳೆತ ಕಮ್ಮಿಯಾಗುತ್ತೆ."

"ಆಗಲಿ. ಅದೇ ಹಾಕಿ. ನಮ್ಮನೆ ಏರುರಸ್ತೆ ತುದೀಲಿದೆ. ಅವರು ಕೆಳಗಿನ ತಿರುವಿಗೆ ಬಂದಾಗಲೇ ಮನೆಯೊಳಗೆ ಗೊತ್ತಾಗಬೇಕು. ಕಿಟಕಿ ಮುಚ್ಚಿದ್ರೂ. ಎರಡು ನಿಮಿಷ ಮುಂಚೆ."

"ಎರಡು ನಿಮಿಷ ಯಾಕಮ್ಮಾ?"

"ಬಾಗಿಲು ತೆಗೀಬೇಕಲ್ಲ."

"ಬಾಗಿಲು ತೆಗೆಯೋಕೆ ಅಷ್ಟು ಹೊತ್ತು ಬೇಕಾ?"

"ನಮ್ಮನೇಲಿ ಹಿಂದೇನೂ ಒಂದು ಬಾಗಿಲಿದೆ," ಎಂದವಳು ಗಕ್ಕನೆ ಮಾತು ನಿಲ್ಲಿಸಿದಳು. ಕೈಚೀಲದ ಜಿಪ್ ಎಳೆದಳು, ಮತ್ತೆ ತೆಗೆದಳು. "ಅವರ ಹತ್ತಿರ ಇದೆಲ್ಲ ಹೇಳಬೇಡಿ. ಉಡುಗೊರೆ ಅಲ್ವಾ?"

ಹಿಂಬಾಗಿಲಿನ ವ್ಯವಹಾರವನ್ನು ಮೇಸ್ತ್ರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವನ ಹೆಂಡತಿಯ ಸಂಗತಿ ಬೀದಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಜೊತೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಗೆಳೆಯರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವಳು ಹೋದದ್ದಕ್ಕಿಂತ ಆ ಬೀಗವೇ ಅವನನ್ನು ಹೆಚ್ಚು ಸುಟ್ಟಿತ್ತು.

ಇತ್ತ ಈ ಗಂಡನೋ, ಅಪ್ಪಟ ಸಂಭಾವಿತ. ಬಂದಾಗಲೆಲ್ಲ ಮೇಸ್ತ್ರಿಯ ಎಣ್ಣೆ ಮೆತ್ತಿದ ಕೈಯನ್ನೇ ಹಿಡಿದು ಕುಲುಕುವವನು, ಸೊಂಟನೋವು ಹೇಗಿದೆ ಎಂದು ವಿಚಾರಿಸುವವನು. "ನಾನು ಮನೆಗೆ ಕಾಲಿಟ್ರೆ ಸಾಕು ಮೇಸ್ತ್ರಿ, ಎಲ್ಲರೂ ಗಪ್‌ಚುಪ್," ಎಂದು ಹೋದ ಸಲ ನಕ್ಕಿದ್ದ. "ಮನೆ ಅಂದ್ಮೇಲೆ ಶಿಸ್ತು ಬೇಕು." ಪಾಪ, ಎನಿಸಿತು ಮೇಸ್ತ್ರಿಗೆ. ಬೆನ್ನ ಹಿಂದೆ ಏನು ನಡೆಯುತ್ತಿದೆಯೆಂಬ ಸುಳಿವೂ ಇಲ್ಲ ಇವನಿಗೆ.

ಹೇಳಲೇ? ಸಾಕ್ಷಿಯಿಲ್ಲ. ಸುಮ್ಮನಿರಲೇ? ಹಾಗಾದರೆ ತನಗೂ ಆ ಗೆಳೆಯರಿಗೂ ಏನು ವ್ಯತ್ಯಾಸ? ಒಬ್ಬ ಮನುಷ್ಯನ ಸಂಸಾರ ತನ್ನ ಕೈಯಲ್ಲಿದೆ ಎಂದುಕೊಂಡು ಅವನು ಒಂದು ಹೊತ್ತು ಊಟವನ್ನೂ ಬಿಟ್ಟ. ಕಡೆಗೆ, ಬಾಯಿ ಬಿಡದೆಯೂ ಮಾಡಬಹುದಾದ ಕೆಲಸವೊಂದು ಹೊಳೆಯಿತು.

ಅವನು ಅಲ್ಯೂಮಿನಿಯಂ ಕೊಳವೆಯನ್ನು ಬಿಚ್ಚಿ ಮೂಲೆಗೆಸೆದ. ದಪ್ಪ ಪ್ಲಾಸ್ಟಿಕ್ಕನ್ನೇ ಆರಿಸಿದ. ಫಿಲ್ಟರಿಗೆ ನಾಲ್ಕೂ ಕಡೆ ಮುಚ್ಚಿದ ಡಬ್ಬಿ ಕಟ್ಟಿದ, ಡಬ್ಬಿಯ ಒಳಮೈಗೆ ಫೋಮ್ ಅಂಟಿಸಿದ, ಕೊಳವೆಗೆ ಎರಡು ಸುತ್ತು ಬಳಸು ಕೊಟ್ಟು ಚಕ್ರದ ಪಕ್ಕಕ್ಕೆ ಇಳಿಸಿದ. ಎರಡು ದಿನ ಹಿಡಿಯಿತು. ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಮಾಡಿರಲಿಲ್ಲ. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಬೇಕಾಗಿತ್ತು.

ಶುಕ್ರವಾರ ಮಧ್ಯಾಹ್ನ ಗಂಡ ಬಂದ. ಕಾರು ಚಾಲೂ ಮಾಡಿ ಹುಬ್ಬೇರಿಸಿದ. "ಎಲಾ ಇವನ! ಉಸಿರೇ ಇಲ್ವಲ್ಲ ಇದಕ್ಕೆ!"

"ಮೇಡಂ ಕೊಟ್ಟ ಉಡುಗೊರೆ ಸಾರ್. ಮಾಡಿದ್ದು ನಾನು."

"ಏಳು ಗಂಟೆಗೆ ಬರ್ತೀನಿ ಅಂದಿದ್ದೆ ಅವಳಿಗೆ. ಈಗಲೇ ಹೋಗ್ತೀನಿ. ನಾನಿಲ್ಲದಾಗ ಏನು ನಡೆಯುತ್ತೋ ನೋಡೇಬಿಡೋಣ," ಎಂದು ಕಣ್ಣು ಮಿಟುಕಿಸಿದ.

ಹಾಗಾದರೆ ಇವನಿಗೂ ಅನುಮಾನವಿದೆ! ಮೇಸ್ತ್ರಿಯ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಕಾರು ಹೊರಟಿದ್ದೇ ತಡ, ಅವನು ಸ್ಕೂಟರ್ ಹತ್ತಿ ಒಳದಾರಿ ಹಿಡಿದ. ಹಿಂಬಾಗಿಲಿನಿಂದ ಹಾರಿ ಓಡುವವನ ಮುಖವನ್ನು ಕಣ್ಣಾರೆ ನೋಡಬೇಕಾಗಿತ್ತು. ಬೇಕಾದರೆ ಕೊರಳಪಟ್ಟಿ ಹಿಡಿದು ನಿಲ್ಲಿಸಲೂ ಸಿದ್ಧನಿದ್ದ.

ಮನೆಯ ಹಿಂದಿನ ಓಣಿಯಲ್ಲಿ, ಮೊಣಕಾಲೆತ್ತರದ ಗೋಡೆಯ ಪಕ್ಕ ಅವನು ನಿಂತ. ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಸುಮ್ಮನೆ ಮುಂದೆ ಮಾಡಿತ್ತು. ಒಳಗಿನಿಂದ ನಗು ಕೇಳಿಸುತ್ತಿತ್ತು. ನಗಲಿ, ಎಂದುಕೊಂಡ ಮೇಸ್ತ್ರಿ. ಇನ್ನೆಷ್ಟು ಹೊತ್ತು?

ಏರುರಸ್ತೆ ಮೌನವಾಗಿತ್ತು. ಕಾರು ಕೆಳಗಿನ ತಿರುವು ದಾಟಿದ್ದು, ಏರು ಹತ್ತಿದ್ದು, ಗೇಟಿನ ಮುಂದೆ ಬಂದು ನಿಂತದ್ದು, ಕಿವಿಗೊಟ್ಟು ನಿಂತಿದ್ದ ಅವನಿಗೇ ತಿಳಿಯಲಿಲ್ಲ. ಮುಂಬಾಗಿಲು ದಡಾರನೆ ತೆರೆದ ಮೇಲಷ್ಟೇ ಗೊತ್ತಾಯಿತು. ನಗು ಅಲ್ಲಿಗೇ ನಿಂತಿತು.

ಹಿಂಬಾಗಿಲಿನಿಂದ ಯಾರೂ ಓಡಿಬರಲಿಲ್ಲ. ಒಳಗೆ ಕುರ್ಚಿಯೊಂದು ಉರುಳಿತು. ಏನೋ ಛಟೀರೆಂದಿತು. ಮತ್ತೊಮ್ಮೆ. ಆಮೇಲೆ ಏಳೆಂಟು ವರ್ಷದ ಹುಡುಗಿಯ ಚೀರು ಓಣಿಯವರೆಗೂ ಕೇಳಿಸಿತು:

"ಅಪ್ಪಾ, ಬೇಡ, ತಂಗಿಗೆ ಹೊಡೀಬೇಡ! ಅಮ್ಮಾ, ಕಾರಿನ ಸದ್ದು ಬಂದ ಕೂಡ್ಲೇ ಅವಳನ್ನ ಕರ್ಕೊಂಡು ಓಡು ಅಂದಿದ್ದೆಯಲ್ಲಮ್ಮಾ, ಸದ್ದೇ ಬರ್ಲಿಲ್ಲಮ್ಮಾ!"