ನಿಧಾನದ ಗೊಬ್ಬರ

“ಈ ಮಣ್ಣಿಗೆ ಇನ್ನೇನ ಉಣಸಬೇಕಪ್ಪಾ?”

ವೈದ್ಯರು ಕೈಬಿಟ್ಟಿದ್ದ ಗಂಡ ಹೊಲದ ಬದುವಿನಲ್ಲಿ ಹೊರಸಿನ ಮೇಲೆ ಮಲಗಿ, ಹಳದಿಗಟ್ಟಿದ ಜೋಳವನ್ನು ನೋಡುತ್ತ ತನ್ನಷ್ಟಕ್ಕೆ ಕೇಳಿದ. ಹೆಂಡತಿ ಅವನಿಗೆ ಗಂಜಿ ಕುಡಿಸುತ್ತಿದ್ದಳು.

“ಯೂರಿಯಾ ಒಂದ ಮಳಿಗೆ ತೊಳಕೊಂಡು ಹೋಗತೈತಿ. ಮೈಮಾಂಸ ಹಂಗಲ್ಲ, ಕೊಳತು ಮಣ್ಣಾಗಿ ವರ್ಷಗಟ್ಟಲೆ ಸತ್ವ ಬಿಡತೈತಿ. ನನ್ನ ಇಲ್ಲೇ, ಜೋಳದ ನಡುವ ಹೂಳು.”

“ಗಂಜಿ ಕುಡೀರಿ.”

“ಜಲಮೆಲ್ಲ ನನ್ನ ಕೂಳು ತಿಂದಾಕಿ ನೀ,” ಎಂದು ಅವನು ನಕ್ಕ. “ಸತ್ತ ಮ್ಯಾಲೂ ನಾನೇ ಹಾಕತೇನಿ. ಒಂದೊಂದು ತೆನಿಯೊಳಗೂ ಇರತೇನಿ. ಹೂಳತೀ ಹೌದಲ್ಲ?”

ಅವನ ಗಲ್ಲದ ಮೇಲೆ ಇಳಿದ ಗಂಜಿಯನ್ನು ಅವಳು ಸೆರಗಿನಿಂದ ಮೆಲ್ಲಗೆ ಒರೆಸಿದಳು.

“ಇಲ್ಲ, ಊರ ಸುಡಗಾಡಿಗೇ ಒಯ್ಯತೇವಿ. ಒಳಗ ನೀವು ಇರಲಾರದ ಒಂದರೆ ರೊಟ್ಟಿ ತಿನ್ನಬೇಕು ನಾ.”