ಎಣಿಕೆಗೆ ಸಿಗದ ಕೊಟ್ಟಿಗೆ

ಚಲುವಯ್ಯ ಈ ಸಲವೂ ಗೇಟು ತೆಗೆಯಲಿಲ್ಲ.

“ನಮ್ಮ ದನ ಚೆನ್ನಾಗವೆ ಮೇಡಮ್ಮೋರೆ. ನೋಡೋದೇನೂ ಇಲ್ಲ, ಹೋಗಿ.”

ಅವನ ಹೆಂಡತಿ ಪಾರ್ವತಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

ಪೂಜಿತಾ ನೋಟ್‌ಬುಕ್ ಮುಚ್ಚಿದಳು. ಬೆಳಗೋಡಿನ ಹತ್ತಿರದ ಆ ಊರಿನಲ್ಲಿ ಅವಳ ಎಣಿಕೆಗೆ ಸಿಗದ ಕೊಟ್ಟಿಗೆ ಇದೊಂದೇ.

ಅದು ೨೦೦೪ರ ಚಳಿಗಾಲ. ಪೂಜಿತಾ ಪಶುವೈದ್ಯೆಯಲ್ಲ, ಗಣಿತದ ಸಂಶೋಧಕಿ. ಕಾಲುಬಾಯಿ ಜ್ವರ ಹೇಗೆ ಹರಡುತ್ತದೆಂದು ಲೆಕ್ಕ ಹಾಕಲು ಬಂದವಳು. ಮೊದಲು ಕಾಯಿಲೆ ಬಿದ್ದದ್ದು ಮಹಾದೇವಯ್ಯನ ಹಸು. ಅದನ್ನು ಸಂತೆಯಿಂದ ತಂದು ಮಾರಿದವನು ದಲ್ಲಾಳಿ ಚಲುವಯ್ಯ.

ಮೂರು ದಿನಕ್ಕೊಮ್ಮೆ ಪೂಜಿತಾ ಮನೆಮನೆಗೆ ಹೋಗಿ ಒಂದೊಂದು ದನದ ಬಾಯಿ ತೆರೆದು ಹುಣ್ಣು ನೋಡುತ್ತಿದ್ದಳು. ಸಂಜೆ ಬೆಳಗೋಡಿನ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ರೋಗ ಹರಡುವ ದಾರಿಯನ್ನು ಸಮೀಕರಣದಲ್ಲಿ ಬರೆದುಕೊಟ್ಟರೆ ಸಾಫ್ಟ್‌ವೇರ್ ಒಂದು ಗೆರೆ ಎಳೆದು, ಅದು ಅವಳ ಎಣಿಕೆಯ ಚುಕ್ಕಿಗಳಿಗೆ ಹೊಂದುತ್ತದೆಯೇ ಎಂದು ತೋರಿಸುತ್ತಿತ್ತು. ಗಾಳಿಯಿಂದ ಹರಡುತ್ತದೆ ಎಂದು ಬರೆದುಕೊಟ್ಟಳು. ಹೊಂದಲಿಲ್ಲ. ಮೇಯುವ ಬಯಲು, ನೀರು ಕುಡಿಯುವ ಕೆರೆ. ಅದೂ ಹೊಂದಲಿಲ್ಲ. ಯಾರೋ ಒಬ್ಬರು ಕೊಟ್ಟಿಗೆಯಿಂದ ಕೊಟ್ಟಿಗೆಗೆ ರೋಗ ಹೊತ್ತು ತಿರುಗುತ್ತಿದ್ದಾರೆ ಎಂದು ಬರೆದುಕೊಟ್ಟಾಗ ಗೆರೆ ಚುಕ್ಕಿಗಳ ಮೇಲೇ ಕೂತಿತು.

ಅದನ್ನವಳು ಮಹಾದೇವಯ್ಯನಿಗೆ ಹೇಳಿದಳು.

“ಇನ್ಯಾರು ಕಣವ್ವ? ಆ ದಲ್ಲಾಳಿನೇ! ಊರ ದನವೆಲ್ಲ ಮಲಗವೆ, ಅವನ ದನಕ್ಕೆ ಮಾತ್ರ ಏನೂ ಆಗಿಲ್ಲ ಅಂದ್ರೆ?”

ಅಂದಿನಿಂದ ಚಲುವಯ್ಯನನ್ನು ಯಾರೂ ಅಂಗಳಕ್ಕೆ ಸೇರಿಸಲಿಲ್ಲ. ಪಾರ್ವತಮ್ಮ ತಂದ ಹಾಲನ್ನು ಡೈರಿಯಲ್ಲಿ ಹಾಕಿಸಿಕೊಳ್ಳಲಿಲ್ಲ. ಅದೇ ಊರಿನ ಕುಳ್ಳಯ್ಯನ ಎರಡು ಕರು ಜ್ವರದಿಂದ ಸತ್ತ ದಿನ ಚಲುವಯ್ಯನ ಮನೆಯ ಮೇಲೆ ಕಲ್ಲು ಬಿತ್ತು. ಅವನು ಮನೆಬಿಟ್ಟು ಹೊರಡುವುದನ್ನೇ ನಿಲ್ಲಿಸಿದ.

ಆದರೂ ಆ ವಾರ ಮತ್ತೆ ಮೂರು ಕೊಟ್ಟಿಗೆಗಳಲ್ಲಿ ಜ್ವರ ಕಾಣಿಸಿತು.

“ಕಣ್ತಪ್ಪಿಸಿ ಬತ್ತಾವ್ನೆ,” ಎಂದ ಮಹಾದೇವಯ್ಯ. ಜನ ಕೂಡಿಸಿಕೊಂಡು ಹೋಗಿ ಚಲುವಯ್ಯನ ಗೇಟು ಮುರಿಸಿದ. ಸುದ್ದಿ ಸಿಕ್ಕಾಗ ಪೂಜಿತಾ ಕುಳ್ಳಯ್ಯನ ಕೊಟ್ಟಿಗೆಯಲ್ಲಿದ್ದಳು. ಎಣಿಕೆ ಅರ್ಧಕ್ಕೇ ಬಿಟ್ಟು ಓಡಿಬಂದಳು.

ಚಲುವಯ್ಯ ಕೈಮುಗಿದು ನಿಂತಿದ್ದ. “ಬೇಕಾದ್ರೆ ನನ್ನ ಹೊಡೀರಿ. ಒಳಗೆ ಮಾತ್ರ ಯಾರೂ ಹೋಗಬ್ಯಾಡಿ ಕಣ್ರಪ್ಪ.”

“ನೀವೆಲ್ಲ ಇಲ್ಲೇ ಇರಿ,” ಎಂದು ಪೂಜಿತಾ ಜನರನ್ನು ತಡೆದಳು. “ನಾನೊಬ್ಬಳೇ ನೋಡಿಬರ್ತೀನಿ.”

ಆರು ದನ. ಒಂದೊಂದರ ಬಾಯೊಳಗೂ ಬೆರಳಾಡಿಸಿದಳು. ಹುಣ್ಣಿಲ್ಲ, ಜೊಲ್ಲಿಲ್ಲ.

“ಹೇಗೆ ಉಳಿಸಿಕೊಂಡ್ರಿ?”

“ಯಾರನ್ನೂ ಒಳಗೆ ಬಿಡಲಿಲ್ಲ,” ಎಂದಳು ಪಾರ್ವತಮ್ಮ. “ಅಷ್ಟೇ.”

ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದುಕೊಂಡು, ಪೂಜಿತಾ ಜನರನ್ನು ಹಿಂದಕ್ಕೆ ಕಳಿಸಿದಳು. ಚಲುವಯ್ಯನ ಬಗೆಗಿನ ಅನುಮಾನ ಮಾತ್ರ ಅವಳಿಗೂ ಹೋಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಪಾರ್ವತಮ್ಮ ಬೆಳಗೋಡಿಗೆ ನಡೆದುಕೊಂಡು ಬಂದಳು. ಅಳಲಿಲ್ಲ, ಕೂರಲಿಲ್ಲ.

“ಆರೂ ಜೊಲ್ಲು ಸುರಿಸ್ತಾ ಅವೆ. ಬಂದು ಎಣಿಸ್ಕೊಳಿ.”

ಆ ಕೊಟ್ಟಿಗೆಯೊಳಗೆ ಕಾಲಿಟ್ಟಿದ್ದ ಹೊರಗಿನವಳು ಪೂಜಿತಾ ಒಬ್ಬಳೇ.