ಹನ್ನೆರಡು ಬಾಟಲಿ ತಿಳಿನೀರು

ಬಾಟಲಿಯನ್ನು ಅವಳು ಮೂರನೆಯ ಸಲ ಕಿಟಕಿಯ ಬೆಳಕಿಗೆ ಹಿಡಿದಳು. ಅಲ್ಲಾಡಿಸಿದಳು. ಒಂದು ಕಣವೂ ಮೇಲೇಳಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಇನ್ನೂ ಹನ್ನೊಂದಿದ್ದವು. ತಿಂಗಳಿಗೊಂದು. ಪ್ರತಿಯೊಂದರ ಕುತ್ತಿಗೆಗೂ ತಾರೀಖಿನ ಚೀಟಿ. ಹನ್ನೆರಡೂ ಒರೆಸಿಟ್ಟ ಕನ್ನಡಕದಂತೆ ಹೊಳೆಯುತ್ತಿದ್ದವು. ಅವಳಿಗೆ ಸರಿಬಾರದಿದ್ದುದು ಅದೇ.

ಎರಡು ತಿಂಗಳಿಂದ ಮಳೆ ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ದೋಣಿಗಳಿಗೆ ನೀರು ಸಾಲದೆಂದು ಕೆರೆಯ ಮಾಲೀಕ ಕೋಡಿಗೆ ಅಡ್ಡ ಹಲಗೆ ಬಡಿಸಿದ್ದ; ಹೆಚ್ಚಿನ ನೀರು ಹೊರಗೆ ಹೋಗುವ ದಾರಿ ಇನ್ನೂ ಮುಚ್ಚಿಯೇ ಇತ್ತು. ಹಲಗೆ ಕೀಳಿಸಿ ಎಂದು ಅವಳು ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲ. ಕೆರೆ ಈಗ ಮಣ್ಣಿನ ಏರಿಯ ತಲೆಗೆ ಒಂದೇ ಮೊಳ ಕೆಳಗಿತ್ತು.

ಕೆರೆ ಖಾಸಗಿಯವರದು, ಮೋಜಿಗೆ ಕಟ್ಟಿಸಿದ್ದು. ಏರಿಯ ಎತ್ತರ ಕಾನೂನು ಪೂರ್ತಿ ಅನ್ವಯಿಸುವ ಅಳತೆಗಿಂತ ಎರಡಡಿ ಕಡಿಮೆ. ಹಾಗಾಗಿ ಏರಿಗಳ ತಪಾಸಣೆ ಮಾಡುವ ಅವಳ ಕಚೇರಿ ವರ್ಷಕ್ಕೊಮ್ಮೆ ಬಂದು ನೋಡಬಹುದಿತ್ತು, ಏರಿ ಗಟ್ಟಿಯಿದೆ ಎಂಬ ಒಂದು ಹಾಳೆಗೆ ಸಹಿ ಹಾಕಬಹುದಿತ್ತು, ಅಷ್ಟೇ. ಹಾಕದಿದ್ದರೆ ಮಾತ್ರ ಕೆರೆ ಖಾಲಿ ಮಾಡಿಸಬಹುದಿತ್ತು. ಏರಿಯ ಕೆಳಗೆ ನಲವತ್ತು ಮನೆ. ಮೊದಲನೆಯದು ಅವಳು ಕೂತಿದ್ದ ಈ ಮನೆ, ಕಾವಲುಗಾರನದು.

ಮಣ್ಣಿನ ಏರಿ ಅಂದಮೇಲೆ ಒಂದಿಷ್ಟು ಬೆವರುತ್ತದೆ. ಆ ಬೆವರು ಬುಡದ ಕೊಳವೆಯಿಂದ ಹೊರಬೀಳುತ್ತದೆ. ತಿಳಿಯಾಗಿದ್ದರೆ ಭಯವಿಲ್ಲ. ಕದಡಿ ಬಂದರೆ, ನೀರು ಏರಿಯನ್ನು ಒಳಗಿನಿಂದ ತಿನ್ನುತ್ತಿದೆ ಎಂದರ್ಥ. ಕೊಳವೆಯ ಬಾಯಿ ಇದ್ದದ್ದು ಮನೆಯ ಹಿಂದಿನ ಹೊಂಡದಲ್ಲಿ, ಪಾಚಿಗಟ್ಟಿದ ಮೂವತ್ತು ಮೆಟ್ಟಿಲು ಕೆಳಗೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳು ಅಲ್ಲಿಗೆ ಇಳಿದಿರಲಿಲ್ಲ. ಕಾವಲುಗಾರ ತಿಂಗಳಿಗೊಮ್ಮೆ ಕೊಳವೆಯ ನೀರನ್ನು ಬಾಟಲಿಯಲ್ಲಿ ತುಂಬಿಡುವ ಏರ್ಪಾಡು ಅವಳದೇ.

ಕಾವಲುಗಾರ ಬಾಗಿಲ ಬಳಿ ನಿಂತು, ಒರೆಸಿಯಾಗಿದ್ದ ಹಿಡಿಯನ್ನು ಮತ್ತೆ ಒರೆಸುತ್ತಿದ್ದ. ದೋಣಿಗೆ ಬರುವವರು ಅವನನ್ನು ಸಾಬೂನಣ್ಣ ಎನ್ನುತ್ತಿದ್ದರು. ಮೊದಲ ವರ್ಷ ಅವನು ತಂದ ಬಾಟಲಿಯಲ್ಲಿ ಒಂದು ಎಲೆ ಬಿದ್ದಿತ್ತು. ಅವಳು ಮಾಲೀಕನ ಎದುರಿಗೇ ಅದನ್ನು ವಾಪಸು ಕೊಟ್ಟು, ಕಸ ಇಲ್ಲದ ಹಾಗೆ ತುಂಬಿಡಿ, ನೋಡುವ ಕೆಲಸ ನನ್ನದು ಎಂದಿದ್ದಳು. ಅವನ ಕಿವಿ ಆವತ್ತು ಕೆಂಪಾದದ್ದು ಅವಳಿಗಿನ್ನೂ ನೆನಪಿತ್ತು.

"ನಿಜ ಹೇಳಿ. ಇದು ನಲ್ಲಿ ನೀರು ತಾನೇ?"

"ನಲ್ಲಿ ಎಲ್ಲಿದೆ ಮೇಡಂ ಇಲ್ಲಿ? ಅಡುಗೆ, ಸ್ನಾನ, ನೀವೀಗ ಕುಡಿದ ಟೀ, ಎಲ್ಲಾ ಆ ಕೊಳವೇದೇ."

ಮಾಲೀಕರು ಏನಾದರೂ ಹೇಳಿಕೊಟ್ಟಿದ್ದಾರೆಯೇ ಎಂದು ಕೇಳಿದಳು. ಅವನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟ.

"ನನ್ನ ಹೆಂಡ್ತಿ ಮಲಗೋದು ಇದೇ ಏರಿ ಕೆಳಗೆ. ಸುಳ್ಳು ನೀರಿಟ್ಟು ಯಾರನ್ನ ಮುಳುಗಿಸ್ಲಿ?"

ಅವಳು ಮುಚ್ಚಳ ತೆಗೆದು ಮೂಸಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಊರಿನ ನೀರಿಗಿರುವ ಔಷಧಿಯ ವಾಸನೆ ಇಲ್ಲ. ತಣ್ಣಗೆ, ಕಲ್ಲು ನೆಕ್ಕಿದ ಹಾಗೆ, ಕೆರೆಯದೇ ರುಚಿ. ಮನುಷ್ಯ ಸುಳ್ಳಾಡುತ್ತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಪೆನ್ನು ತೆಗೆದು ಸಹಿ ಹಾಕಿದಳು.

ಹಾಳೆ ತೆಗೆದುಕೊಳ್ಳುವ ಮೊದಲು ಅವನು ಕೈಯನ್ನು ಎರಡು ಸಲ ಒರೆಸಿಕೊಂಡ. ಗೋಡೆಯ ಮೇಲೆ ಹಿಂದಿನ ಮೂರು ಹಾಳೆಗಳು ಗಾಜಿನ ಚೌಕಟ್ಟಿನಲ್ಲಿದ್ದವು. ಮಳೆ ಜೋರಾದಾಗಲೆಲ್ಲ ಕೆಳಗಿನ ಮನೆಯವರು ಹೆದರಿ ಮೇಲೆ ಬರುತ್ತಾರೆ, ಇವರು ಇದನ್ನು ತೋರಿಸಿ ಕಳಿಸುತ್ತಾರೆ ಎಂದಳು ಒಳಗಿನಿಂದ ಬಂದ ಹೆಂಡತಿ. ಹೋದ ವಾರ ಇಬ್ಬರು ಗಂಟುಮೂಟೆ ಕಟ್ಟಿದ್ದರಂತೆ. ನೋಡಿದ ಮೇಲೆ ಬಿಚ್ಚಿದರಂತೆ.

"ಇವ್ರನ್ನ ಮದುವೆಯಾಗಿ ನಾನು ಕಂಡ ಭಾಗ್ಯ ಅಂದ್ರೆ ಈ ಗೋಡೆ" ಎಂದು ನಕ್ಕು, ಅವಳ ಕೈಗೆ ಒಂದು ಹೂಕುಂಡ ಇಟ್ಟಳು. ಮನೆಗೆ ತೆಗೆದುಕೊಂಡು ಹೋಗಿ, ಸುಮ್ಮನೆ ಇಟ್ಟರೂ ಬರುತ್ತದೆ ಎಂದಳು.

ಅಂಗಳದ ತುಂಬ ಅಂಥವೇ ಕುಂಡಗಳಿದ್ದವು. ಹೋದ ವರ್ಷ ನಾಲ್ಕಿದ್ದವು. ಈಗ ಮೂರು ಸಾಲು. ರಸ್ತೆಯಿಂದ ಕೆರೆಯವರೆಗೆ ಬರೀ ಮರಳು, ಗರಿಕೆಯೂ ಹತ್ತದ ನೆಲ. ಇಲ್ಲಿ ಮಾತ್ರ ಅಂಗೈಯಗಲದ ಹೂವು.

ಮಣ್ಣು ಪರೀಕ್ಷಿಸುವ ಅಭ್ಯಾಸಬಲದಿಂದ ಅವಳು ಹೆಬ್ಬೆರಳನ್ನು ಕುಂಡದ ಮಣ್ಣಿಗೆ ಒತ್ತಿದಳು. ಒಂದು ಹರಳೂ ತಾಗಲಿಲ್ಲ. ಬೆಣ್ಣೆಯ ಹಾಗಿತ್ತು. ಬೆರಳಿಗೆ ನೀಲಿ ಬೆರೆತ ಬೂದು ಬಣ್ಣ ಮೆತ್ತಿಕೊಂಡಿತು. ಏರಿ ಕಟ್ಟುವಾಗ ಅದರ ನಡುಹೊಟ್ಟೆಗೆ ತುಂಬಲು ಲಾರಿಗಳಲ್ಲಿ ದೂರದಿಂದ ತರಿಸಿದ ಜೇಡಿಮಣ್ಣಿನ ಬಣ್ಣ ಅದು. ಸುತ್ತಮುತ್ತ ಬೇರೆಲ್ಲೂ ಸಿಗದ ಮಣ್ಣು.

"ಇದನ್ನ ಎಲ್ಲಿಂದ ತಂದ್ರಿ?" ಎಂದು ಕಾವಲುಗಾರನನ್ನು ಕೇಳಿದಳು.

"ತರೋದೇನು ಬಂತು ಮೇಡಂ. ಕೊಳವೆ ನೀರನ್ನ ಹಂಡೇಲಿ ಹಿಡಿದಿಟ್ರೆ, ಬೆಳಗಾಗೋ ಹೊತ್ತಿಗೆ ತಳದಲ್ಲಿ ಕೂತಿರುತ್ತೆ. ಮೇಲಿನ ತಿಳಿ ನಮಗೂ ನಿಮ್ಮ ಬಾಟ್ಲಿಗೂ, ಕೆಳಗಿನದು ಕುಂಡಕ್ಕೆ. ಮೊದಲೆಲ್ಲ ತಿಂಗಳಿಗೊಂದು ಕುಂಡ ತುಂಬ್ತಿತ್ತು. ಈ ವಾರ ದಿನಕ್ಕೊಂದು."

ಕುಂಡ ಅವಳ ಕೈಯಿಂದ ಜಾರಿ ಒಡೆಯಿತು.

ಜೀಪು ಹತ್ತಿ, ಇಬ್ಬರೂ, ಈಗಲೇ ಎಂದಳು. ಕೆಳಗಿನ ನಲವತ್ತು ಮನೆಯನ್ನೂ ಬಿಡಿಸಬೇಕು, ಆ ಹಾಳೆ ಇತ್ತ ಕೊಡಿ, ಹರಿದುಹಾಕುತ್ತೇನೆ, ತಪ್ಪು ನನ್ನದು ಎಂದಳು. ಜೀಪಿನ ಬೀಗದ ಕೈ ಹೊರತೆಗೆದು, ಹಾಳೆಗಾಗಿ ಇನ್ನೊಂದು ಕೈ ಚಾಚಿದಳು.

ಕಾವಲುಗಾರ ಮೊದಲು ಬಗ್ಗಿ, ನೆಲಕ್ಕೆ ಚೆಲ್ಲಿದ ಬೂದುಮಣ್ಣನ್ನು ಅಂಗೈಯಿಂದ ಬಳಿದು ಗುಡ್ಡೆ ಮಾಡಿದ. ಆಮೇಲೆ ಎದ್ದು, ಹಾಳೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಇಲ್ಲ ಮೇಡಂ. ಇದನ್ನ ಕೊಡಲ್ಲ, ನಾವು ಬರೋದೂ ಇಲ್ಲ. ನೋಡೋ ಕೆಲಸ ನಿಮ್ದು ಅಂದಿದ್ರಿ. ನೋಡಿ ಸಹಿ ಹಾಕಾಯ್ತಲ್ಲ."